ಹೊಸ್ತಿಲ ಈಚೆಗೇ ನಿಲ್ಲಿ, ಮಕ್ಕಳೇ: ಹ್ಯಾಲೋವೀನ್ ಸಂಜೆಗೊಂದು ಪರಿಚಯ

ಅಕ್ಟೋಬರ್ ತಿಂಗಳ ಕೊನೆಯ ವಾರ. ಶಾಲೆ ಬಿಟ್ಟ ಮೇಲೆ ಒಂದನೇ ತರಗತಿಯ ಹುಡುಗಿಯೊಬ್ಬಳ ತಾಯಿ ಗೇಟಿನ ಹತ್ತಿರ ನನಗಾಗಿ ಕಾಯುತ್ತಿದ್ದರು. ಹಾವೇರಿ ಕಡೆಯವರು. ಕೆ.ಆರ್. ಪುರದ ದೊಡ್ಡದೊಂದು ಅಪಾರ್ಟ್‌ಮೆಂಟಿಗೆ ಬಂದು ಐದು ತಿಂಗಳಾಗಿತ್ತು ಅಷ್ಟೆ. "ಟೀಚರ್, ನಮ್ಮ ಅಪಾರ್ಟ್‌ಮೆಂಟಿನಾಗ ಮೂವತ್ತೊಂದನೇ ತಾರೀಖು ಹುಡುಗ್ರು ದೆವ್ವದ ವೇಷ ಹಾಕ್ಕೊಂಡು ಮನಿ ಮನಿಗೆ ಹೋಗಿ ಚಾಕಲೇಟ್ ಕೇಳ್ತಾರಂತ್ರಿ. ಹೆಸರು ಬರಸ್ರಿ ಅಂತ ವಾಟ್ಸ್‌ಆ್ಯಪ್ ಗ್ರೂಪಿನಾಗ ಹಾಕ್ಯಾರ. ನಮ್ಮಕಿ ಹೋಗೇ ಹೊಕ್ಕೇನಿ ಅಂತ ಕುಂತಾಳ. ಕಳಸಬೇಕೋ ಬ್ಯಾಡೋ?"

ಕಳಿಸಿ ಅಂದೆ. ಆದರೆ ಹೇಗೆ ಕಳಿಸಬೇಕು ಅನ್ನುವುದನ್ನು ಗೇಟಿನ ಹತ್ತಿರ ನಿಂತು ಹೇಳಿ ಮುಗಿಸಲು ಆಗಲಿಲ್ಲ. ಅವರಂತೆಯೇ ಈ ಆಚರಣೆಯನ್ನು ಮೊದಲ ಸಲ ನೋಡುತ್ತಿರುವ ಅಪ್ಪ ಅಮ್ಮಂದಿರು ಇಂದಿರಾನಗರದಲ್ಲಿ, ಹಲಸೂರಿನಲ್ಲಿ, ಹಳೇ ಮದ್ರಾಸ್ ರಸ್ತೆಯ ಎರಡೂ ಕಡೆ ಬಹಳ ಮಂದಿ ಇದ್ದಾರೆ. ಅಜ್ಜಿ ತಾತಂದಿರಂತೂ ಗಾಬರಿಯಾಗಿಯೇ ಇದ್ದಾರೆ. ಆ ದಿನ ಅರ್ಧಕ್ಕೆ ನಿಂತ ಮಾತನ್ನು ಇಲ್ಲಿ ಪೂರ್ತಿ ಮಾಡುತ್ತೇನೆ.

ಮೊದಲು, ಇದೇನು ಹಬ್ಬ? ಕ್ರೈಸ್ತರಲ್ಲಿ ನವೆಂಬರ್ 1 ಸಕಲ ಸಂತರ ದಿನ, 2 ಸಕಲ ಆತ್ಮಗಳ ದಿನ. ಸಂತರ ದಿನದ ಹಿಂದಿನ ಸಂಜೆಗೆ ಇಂಗ್ಲಿಷಿನಲ್ಲಿ ಇದ್ದ ಹೆಸರೇ ಸವೆದು ಹ್ಯಾಲೋವೀನ್ ಆಯಿತು. ಐರ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ ಆ ಸಂಜೆ ಮಕ್ಕಳು ವೇಷ ಹಾಕಿ ಮನೆಮನೆಗೆ ಹೋಗುವ ರೂಢಿ ಇತ್ತು. ಟರ್ನಿಪ್ ಗೆಡ್ಡೆಯನ್ನು ಕೊರೆದು ಒಳಗೆ ದೀಪ ಇಡುತ್ತಿದ್ದರು. ಅಲ್ಲಿಂದ ವಲಸೆ ಹೋದವರು ಅದನ್ನು ಅಮೆರಿಕಕ್ಕೆ ಒಯ್ದರು. ಅಲ್ಲಿ ಗೆಡ್ಡೆಯ ಜಾಗಕ್ಕೆ ಸಿಹಿಗುಂಬಳ ಬಂತು. 'ಟ್ರಿಕ್ ಆರ್ ಟ್ರೀಟ್' ಎಂಬ ಕೂಗು ಕಳೆದ ಶತಮಾನದ ಮೊದಲ ದಶಕಗಳಲ್ಲಿ ಕೆನಡಾ, ಅಮೆರಿಕಗಳಲ್ಲಿ ಹುಟ್ಟಿದ್ದು. ನಮ್ಮ ಮಾತಲ್ಲಿ ಹೇಳುವುದಾದರೆ 'ತಿಂಡಿ ಕೊಡ್ತೀರೋ, ಕಿತಾಪತಿ ಮಾಡಲೋ?' ಅಷ್ಟೇ.

ಬೆಂಗಳೂರಿನ ದಂಡು ಪ್ರದೇಶಕ್ಕೆ 1809ರಿಂದಲೇ ಬ್ರಿಟಿಷರ ಸಹವಾಸ ಇದೆಯಲ್ಲ, ಇದೂ ಆಗಿನಿಂದ ಬಂದದ್ದೇ ಇರಬೇಕು ಎಂದು ಕೆಲವರು ತಿಳಿಯುತ್ತಾರೆ. ಆದರೆ ಇಲ್ಲಿನ ಕ್ರೈಸ್ತ ಕುಟುಂಬಗಳಲ್ಲಿ ನಾನು ಚಿಕ್ಕಂದಿನಿಂದ ಕಂಡದ್ದು ನವೆಂಬರ್ 2ರ ಆಚರಣೆ. ಕಲ್ಪಳ್ಳಿಯ ಸ್ಮಶಾನದಲ್ಲಿ ಅಂದು ಸಮಾಧಿಗಳನ್ನು ತೊಳೆದು, ಸೇವಂತಿಗೆ ಹರಡಿ, ಮೇಣದಬತ್ತಿ ಹಚ್ಚುತ್ತಾರೆ. ವೇಷ, ಚಾಕಲೇಟು ಬಂದದ್ದು ಈಚೆಗೆ: ಸಾಫ್ಟ್‌ವೇರ್ ಕೆಲಸದ ಮೇಲೆ ಅಮೆರಿಕಕ್ಕೆ ಹೋಗಿ ಬಂದ ಕುಟುಂಬಗಳ ಜೊತೆ, ಶಾಲೆಗಳ ಜೊತೆ, ಅಪಾರ್ಟ್‌ಮೆಂಟುಗಳ ಜೊತೆ.

ಹಾವೇರಿಯ ಆ ತಾಯಿಗೆ ನಾನು ಕೇಳಿದ್ದು ಒಂದೇ ಪ್ರಶ್ನೆ. "ನಿಮ್ಮ ಕಡೆ ಜೋಕುಮಾರ ಬರುತ್ತಾನಲ್ಲ?" ಅವರ ಮುಖ ಅರಳಿತು. ಗಣೇಶ ಹೋದ ಮೇಲೆ ಬುಟ್ಟಿಯಲ್ಲಿ ಮಣ್ಣಿನ ಜೋಕುಮಾರನನ್ನು ಹೊತ್ತು ಮನೆಮನೆಗೆ ಬರುವ ಹೆಂಗಸರು, ಮೊರದಲ್ಲಿ ಜೋಳ ಹಾಕುವ ಮನೆಯವರು, ಅವರಿಗೆ ಇದೆಲ್ಲ ಗೊತ್ತು. ದೆವ್ವದ ಮುಖದ ಕುಂಬಳಕಾಯಿಯೂ ನಮಗೆ ಹೊಸದಲ್ಲ. ಕಟ್ಟುತ್ತಿರುವ ಮನೆಯ ಮುಂದೆ ಬೂದುಗುಂಬಳಕ್ಕೆ ಕೋರೆಹಲ್ಲು, ಕೆಂಗಣ್ಣು ಬರೆದು ದೃಷ್ಟಿಗೆಂದು ತೂಗುಹಾಕುವುದನ್ನು ಬೆಂಗಳೂರಲ್ಲಿ ನೋಡದವರು ಯಾರು? ಮಕ್ಕಳ ವೇಷವಂತೂ ಪ್ರತಿ ಶಾಲೆಯ ಛದ್ಮವೇಷ ಸ್ಪರ್ಧೆಯಲ್ಲಿ ಇದ್ದದ್ದೇ.

ಎಲ್ಲಕ್ಕಿಂತ ಹತ್ತಿರದ್ದು ಎಳ್ಳು ಬೀರುವುದು. ಸಂಕ್ರಾಂತಿಯ ಸಂಜೆ ಹೊಸ ಲಂಗ ತೊಟ್ಟು, ತಟ್ಟೆಯಲ್ಲಿ ಎಳ್ಳುಬೆಲ್ಲ, ಸಕ್ಕರೆ ಅಚ್ಚು, ಕಬ್ಬಿನ ತುಂಡು, ಎಲಚಿಹಣ್ಣು ಇಟ್ಟುಕೊಂಡು ಹಲಸೂರಿನ ನಮ್ಮ ಗಲ್ಲಿಯಲ್ಲಿ ನಾವು ಹೊರಡುತ್ತಿದ್ದೆವು. ಅದಕ್ಕೆ ನಮ್ಮಮ್ಮನ ನಿಯಮಗಳಿದ್ದವು. ಒಬ್ಬಳೇ ಹೋಗುವಂತಿಲ್ಲ, ಅಕ್ಕಪಕ್ಕದ ಹುಡುಗಿಯರು ಸೇರಿಯೇ ಹೋಗಬೇಕು. ಯಾವ ಯಾವ ಮನೆ ಅಂತ ಮೊದಲೇ ಹೇಳಿರುತ್ತಿದ್ದರು, ಪಟ್ಟಿಯಲ್ಲಿಲ್ಲದ ಮನೆಗೆ ಹೋಗಕೂಡದು. ಸಾವಾದ ಮನೆಯ ಬಾಗಿಲು ತಟ್ಟಬಾರದು. ಕೊಟ್ಟಿದ್ದನ್ನು ಅಲ್ಲೇ ಬಾಯಿಗೆ ಹಾಕಿಕೊಳ್ಳದೆ ಮನೆಗೆ ತರಬೇಕು. ದೀಪ ಹಚ್ಚುವ ಹೊತ್ತಿಗೆ ವಾಪಸ್ಸು. ಆಗ ನಮಗೆ ಇದು ಸಂಪ್ರದಾಯ ಅನ್ನಿಸುತ್ತಿತ್ತು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಮೇಲೆ ನನಗೆ ಗೊತ್ತಾಗಿದೆ, ಅಮ್ಮ ನಮ್ಮನ್ನು ಕಾಯುತ್ತಿದ್ದದ್ದೇ ಹಾಗೆ. ಹ್ಯಾಲೋವೀನ್ ಸಂಜೆಗೂ ಆ ನಿಯಮಗಳೇ ಸಾಕು. ಲಿಫ್ಟು, ಬೇಸ್‌ಮೆಂಟು, ಕರೆಂಟು ಈ ಮೂರಕ್ಕೆ ಮಾತ್ರ ಒಂದೊಂದು ಮಾತು ಹೊಸದಾಗಿ ಸೇರಿಸಬೇಕು.

ಹೊತ್ತಿನಿಂದ ಶುರು ಮಾಡೋಣ. ಅಕ್ಟೋಬರ್ 31ಕ್ಕೆ ಬೆಂಗಳೂರಿನಲ್ಲಿ ಸಂಜೆ ಆರಕ್ಕೆ ಐದಾರು ನಿಮಿಷ ಇರುವಾಗಲೇ ಸೂರ್ಯ ಮುಳುಗುತ್ತಾನೆ. ಆಫೀಸಿನಿಂದ ಕಾರು, ಬೈಕುಗಳು ಅಪಾರ್ಟ್‌ಮೆಂಟಿಗೆ ಮರಳುವುದು, ಡೆಲಿವರಿ ಹುಡುಗರು ಅವಸರದಲ್ಲಿ ನುಗ್ಗುವುದು ಅದರ ಬೆನ್ನಿಗೇ. ಕಪ್ಪು ಬಟ್ಟೆ ತೊಟ್ಟ, ಮೂರಡಿ ಎತ್ತರದ, ಖುಷಿಯಲ್ಲಿ ಓಡುವ ಮಗು ಹಿಂದಕ್ಕೆ ಬರುವ ಕಾರಿನ ಚಾಲಕನಿಗೆ ಕಾಣುವುದೇ ಇಲ್ಲ. ಇದು ನನ್ನ ಊಹೆಯಲ್ಲ. ಅಮೆರಿಕದಲ್ಲಿ 1975ರಿಂದ 2016ರವರೆಗಿನ ರಸ್ತೆ ಅಪಘಾತಗಳ ದಾಖಲೆಯನ್ನು ವೈದ್ಯರು ಲೆಕ್ಕ ಹಾಕಿ 2019ರಲ್ಲಿ ಪ್ರಕಟಿಸಿದರು. ಅಕ್ಕಪಕ್ಕದ ವಾರಗಳ ಸಂಜೆಗಳಿಗಿಂತ ಹ್ಯಾಲೋವೀನ್ ಸಂಜೆ ನಡೆದು ಹೋಗುವವರು ವಾಹನಕ್ಕೆ ಸಿಕ್ಕಿ ಸಾಯುವ ಸಂಭವ ಶೇ. 43ರಷ್ಟು ಹೆಚ್ಚು. 4ರಿಂದ 8 ವರ್ಷದ ಮಕ್ಕಳಲ್ಲಿ ಅದು ಹತ್ತು ಪಟ್ಟು. ಅಪಾಯ ತುದಿ ಮುಟ್ಟುವುದು ಸಂಜೆ ಆರು ಗಂಟೆಯ ಸುಮಾರಿಗೆ.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು, ನಾಲ್ಕೂವರೆಗೆ ಹೊರಡಿಸಿ, ಆರಕ್ಕೆ ಮುಗಿಸಿ. ಕತ್ತಲಾದರೇ ಮಜಾ ಎಂದು ಮಕ್ಕಳು ಹಟ ಮಾಡುತ್ತಾರೆ. ಮಾಡಲಿ. ಬೇಕಾದರೆ ಕೊನೆಗೆ ಕ್ಲಬ್‌ಹೌಸಿನೊಳಗೆ ದೀಪ ಆರಿಸಿ ಕಥೆ ಹೇಳಿ, ಅದರ ಮಜಾ ಬೇರೆಯೇ. ಆ ಒಂದೂವರೆ ಗಂಟೆ ಬೇಸ್‌ಮೆಂಟಿನ ದಾರಿಗೆ ಮಕ್ಕಳು ಇಳಿಯದಂತೆ ಒಬ್ಬ ದೊಡ್ಡವರು ನಿಲ್ಲಲಿ. ಒಂದು ಟವರಿನಿಂದ ಇನ್ನೊಂದಕ್ಕೆ ನೆಲದ ಮೇಲಿನ ಕಾಲುದಾರಿಯಲ್ಲೇ ಹೋಗಲಿ. ಗೇಟಿನಲ್ಲಿ ಸೆಕ್ಯುರಿಟಿಯವರಿಗೆ ಹಿಂದಿನ ದಿನವೇ ಹೇಳಿಟ್ಟರೆ ಒಳಗೆ ಬರುವ ಪ್ರತಿ ಗಾಡಿಗೂ 'ಮಕ್ಕಳಿದ್ದಾರೆ, ನಿಧಾನ' ಎಂದು ಹೇಳಿಯೇ ಬಿಡುತ್ತಾರೆ. ಕಪ್ಪು ವೇಷದ ಬೆನ್ನಿಗೆ, ತೋಳಿಗೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಅಂಟಿಸಿ. ಸೈಕಲ್ ಅಂಗಡಿಯಲ್ಲಿ ಸಿಗುತ್ತದೆ.

ಇಂದಿರಾನಗರದಂಥ ಹಳೆಯ ಬಡಾವಣೆಯಲ್ಲಿ ಬಿಡಿ ಮನೆಗಳಿಗೆ ಹೋಗುವವರು ಒಂದೇ ಕ್ರಾಸಿನಲ್ಲಿ, ರಸ್ತೆಯ ಒಂದು ಬದಿ ಮುಗಿಸಿ ಆಮೇಲೆ ಇನ್ನೊಂದು ಬದಿಗೆ ದಾಟುವುದು ಒಳ್ಳೆಯದು. ನೂರಡಿ ರಸ್ತೆಯ ಪಬ್ಬುಗಳಲ್ಲಿ ಅಂದು ದೊಡ್ಡವರ ಪಾರ್ಟಿಗಳಿರುತ್ತವೆ. ಮಕ್ಕಳ ಗುಂಪಿಗೆ ಆ ಕಡೆ ಕೆಲಸವಿಲ್ಲ. ಸ್ನೇಹಿತರ ಬಡಾವಣೆಗೆ ಸ್ಕೂಟರಿನಲ್ಲಿ ಕರೆದೊಯ್ಯುವ ಅಪ್ಪಂದಿರಿಗೆ ಒಂದು ಮಾತು: 2023ರ ಫೆಬ್ರವರಿಯಿಂದ ಜಾರಿಯಲ್ಲಿರುವ ನಿಯಮದಂತೆ ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಗುವಿಗೂ ಹೆಲ್ಮೆಟ್ ಬೇಕು, ಓಡಿಸುವವರಿಗೆ ಮಗುವನ್ನು ಬಿಗಿಯುವ ಪಟ್ಟಿ ಬೇಕು, ವೇಗ ಗಂಟೆಗೆ 40 ಕಿ.ಮೀ. ದಾಟಬಾರದು. ಮಾಟಗಾತಿಯ ಟೋಪಿ ಹೆಲ್ಮೆಟ್ ಆಗುವುದಿಲ್ಲ. ಉದ್ದ ನಿಲುವಂಗಿಯ ಅಂಚು ಹಿಂದಿನ ಚಕ್ರಕ್ಕೆ ಸಿಕ್ಕದಂತೆ ಸುತ್ತಿಟ್ಟುಕೊಳ್ಳಬೇಕು, ಅಥವಾ ಅಲ್ಲಿಗೆ ಹೋದ ಮೇಲೆಯೇ ತೊಡಿಸಬೇಕು.

ವೇಷದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ತಪ್ಪು ಹೆಚ್ಚು ನಡೆಯುವುದು ಇಲ್ಲೇ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಆ ವಾರ ಸಿಗುವ ಸಿದ್ಧ ವೇಷಗಳು ಬಹುತೇಕ ತೆಳು ನೈಲಾನ್, ಪಾಲಿಯೆಸ್ಟರ್. ಬೆಂಕಿ ತಗುಲಿದರೆ ಆ ಬಟ್ಟೆ ಕರಗಿ ಚರ್ಮಕ್ಕೆ ಅಂಟುತ್ತದೆ. ಈ ದಿನ ದೀಪಾವಳಿಗೆ ಎಷ್ಟು ಹತ್ತಿರ ಎಂಬುದನ್ನು ಮರೆಯಬೇಡಿ. 2024ರಲ್ಲಂತೂ ನರಕ ಚತುರ್ದಶಿಯೂ ಹ್ಯಾಲೋವೀನೂ ಒಂದೇ ದಿನ ಬಂದವು. ಹೊಸ್ತಿಲಲ್ಲಿ ಹಣತೆ, ಅಂಗಳದಲ್ಲಿ ಹೂಕುಂಡ, ನಡುವೆ ನೆಲ ಗುಡಿಸುವ ನೈಲಾನ್ ಗೌನು. ವೇಷದ ಒಳಗೆ ಹತ್ತಿಯ ಬಟ್ಟೆ ಹಾಕಿಸಿ. ಕಾಲು ಮುಚ್ಚದಷ್ಟು ಗಿಡ್ಡ ಮಾಡಿಸಿ. ಕುಂಬಳಕಾಯಿಯೊಳಗೆ ಮೇಣದಬತ್ತಿಯ ಬದಲು ಸೆಲ್ ಹಾಕಿದ ಪುಟ್ಟ ಬಲ್ಬ್ ಇಡಿ. ಅಕಸ್ಮಾತ್ ಬಟ್ಟೆಗೆ ಕಿಡಿ ಹತ್ತಿದರೆ ಮಗು ಓಡಬಾರದು. ನಿಂತು, ಮಲಗಿ, ಹೊರಳಬೇಕು. ಇದನ್ನು ಮನೆಯಲ್ಲಿ ಚಾಪೆಯ ಮೇಲೆ ಆಟದಂತೆ ಎರಡು ಸಲ ಮಾಡಿಸಿ. ಸುಟ್ಟ ಜಾಗಕ್ಕೆ ಇಪ್ಪತ್ತು ನಿಮಿಷ ನಲ್ಲಿಯ ತಣ್ಣೀರು ಬಿಡುವುದೇ ಮೊದಲ ಚಿಕಿತ್ಸೆ. ಟೂತ್‌ಪೇಸ್ಟ್, ಇಂಕು, ಐಸ್ ಯಾವುದೂ ಬೇಡ.

ಕೊರಳಿಗೆ ಏನನ್ನೂ ಗಂಟು ಹಾಕಬೇಡಿ. ಇದನ್ನು ಬರೆಯುವಾಗ ನನಗೆ ಕೈ ಭಾರವಾಗುತ್ತದೆ. 2022ರ ಅಕ್ಟೋಬರ್ ಕೊನೆಯಲ್ಲಿ ಚಿತ್ರದುರ್ಗದಲ್ಲಿ 12 ವರ್ಷದ ಹುಡುಗನೊಬ್ಬ ರಾಜ್ಯೋತ್ಸವದ ಶಾಲಾ ಕಾರ್ಯಕ್ರಮಕ್ಕಾಗಿ ಭಗತ್ ಸಿಂಗ್ ಪಾತ್ರವನ್ನು ಮನೆಯಲ್ಲಿ ಒಬ್ಬನೇ ಅಭ್ಯಾಸ ಮಾಡುತ್ತ ಕೊರಳಿನ ಹಗ್ಗಕ್ಕೆ ಬಲಿಯಾದ. ವೇಷ ಯಾವುದೇ ಇರಲಿ, ಹಬ್ಬ ಯಾವುದೇ ಇರಲಿ, ಹಗ್ಗ, ಸರಪಳಿ, ಬಿಗಿಯಾಗಿ ಕಟ್ಟಿದ ಮೇಲುಹೊದಿಕೆ ಮಕ್ಕಳ ಕೊರಳಿಗೆ ಬರಬಾರದು. ಹೊದಿಕೆ ಬೇಕೇ ಬೇಕೆಂದರೆ ಎರಡು ಭುಜಕ್ಕೆ ಟಿಚ್ ಬಟನ್ ಹಾಕಿಸಿ, ಎಳೆದರೆ ಬಿಟ್ಟುಕೊಳ್ಳುತ್ತದೆ. ಲಿಫ್ಟಿನ ಬಾಗಿಲಿಗೆ ಸಿಕ್ಕಿದರೂ ಮಗು ಉಳಿಯುತ್ತದೆ. ಮುಖವಾಡಕ್ಕಿಂತ ಬಣ್ಣ ಮೇಲು, ಮುಖವಾಡದ ತೂತುಗಳಲ್ಲಿ ಪಕ್ಕದ ಮೆಟ್ಟಿಲು ಕಾಣುವುದಿಲ್ಲ. ಬಣ್ಣವನ್ನು ಹಿಂದಿನ ದಿನ ಮೊಳಕೈಯ ಒಳಗೆ ಹಚ್ಚಿ ನೋಡಿ. ಕೆಂಪಗಾದರೆ, ತುರಿಸಿದರೆ ಬಿಡಿ. ಹದಿಹರೆಯದವರು ಬೆಕ್ಕಿನ ಕಣ್ಣಿನ ಬಣ್ಣದ ಲೆನ್ಸ್ ತಂದು ಒಬ್ಬರದನ್ನೊಬ್ಬರು ಹಾಕಿಕೊಳ್ಳುತ್ತಾರೆ. ಕಣ್ಣು ಕೆಡಲು ಅಷ್ಟೇ ಸಾಕು.

ಇನ್ನು ಕರೆಂಟು. ಬೆಂಗಳೂರಿಗೆ ಅಕ್ಟೋಬರ್ ಹಿಂಗಾರಿನ ಕಾಲ, ಸಂಜೆ ಮಳೆ ಸಾಮಾನ್ಯ. ಅಲಂಕಾರಕ್ಕೆಂದು ಬಾಲ್ಕನಿಯಿಂದ ಹುಲ್ಲಿನವರೆಗೆ ಸೀರಿಯಲ್ ಸೆಟ್ ಎಳೆದು, ಎಕ್ಸ್‌ಟೆನ್ಷನ್ ಬೋರ್ಡನ್ನು ನೆಲದ ಮೇಲೆ ಬಿಡುವುದು ಬಹಳ ಕಡೆ ಕಾಣುತ್ತದೆ. 2023ರ ನವೆಂಬರ್ 19ರ ಬೆಳಗಿನ ಜಾವ ಕಾಡುಗೋಡಿ ಬಳಿಯ ಹೋಪ್ ಫಾರ್ಮ್ ಜಂಕ್ಷನ್ನಿನಲ್ಲಿ, ಕಾಲುದಾರಿಯಲ್ಲಿ ಬಿದ್ದಿದ್ದ ತಂತಿ ತುಳಿದು ಒಬ್ಬ ತಾಯಿ ಮತ್ತು ಆಕೆಯ ಒಂಬತ್ತು ತಿಂಗಳ ಕೂಸು ತೀರಿಕೊಂಡರು. ಅದೇ ವರ್ಷದ ಡಿಸೆಂಬರ್ ಕೊನೆಯಲ್ಲಿ ವರ್ತೂರು ಕಡೆಯ ಅಪಾರ್ಟ್‌ಮೆಂಟೊಂದರ ಈಜುಕೊಳದ ಬಳಿ ವಿದ್ಯುತ್ ತಗುಲಿ ಒಬ್ಬ ಬಾಲಕಿ ಸತ್ತಳು. ಎರಡೂ ನಮ್ಮ ಪೂರ್ವ ಭಾಗದಲ್ಲೇ ನಡೆದವು. ಆದ್ದರಿಂದ ನೆಲದ ಮೇಲೆ ವೈರು ಬೇಡವೇ ಬೇಡ, ಈಜುಕೊಳದ ಬೇಲಿಗೆ ಬೀಗ ಹಾಕಿಸಿ, ಮಳೆ ಹನಿಯಿತೆಂದರೆ ಎಲ್ಲರೂ ಒಳಗೆ. ರಸ್ತೆಯಲ್ಲಿ ತಂತಿ ಬಿದ್ದಿದ್ದರೆ ದೂರ ನಿಂತು ಬೆಸ್ಕಾಂನ 1912ಕ್ಕೆ ಫೋನ್ ಮಾಡಿ. ಟೆರೇಸಿನ ಬಾಗಿಲಿಗೂ ಅಂದು ಬೀಗ ಇರಲಿ. ಲಿಫ್ಟಿನಲ್ಲಿ ದೊಡ್ಡವರಿಲ್ಲದೆ ಮಕ್ಕಳನ್ನು ಬಿಡಬೇಡಿ. ಒಂದೆರಡು ಮಹಡಿಯಾದರೆ ಮೆಟ್ಟಿಲೇ ಸರಿ.

ಚಾಕಲೇಟಿನಲ್ಲಿ ವಿಷ ಇರುತ್ತದಂತೆ ಎಂಬ ಹೆದರಿಕೆಯನ್ನು ಹಲವರು ನನ್ನ ಹತ್ತಿರ ಹೇಳಿದ್ದಾರೆ. ಅಮೆರಿಕದಲ್ಲಿ ಇದು ಹಳೆಯ ವದಂತಿ. ಜೋಯೆಲ್ ಬೆಸ್ಟ್ ಎಂಬ ಸಮಾಜಶಾಸ್ತ್ರಜ್ಞರು 1958ರಿಂದೀಚಿನ ವರದಿಗಳನ್ನು ಒಂದೊಂದಾಗಿ ಹುಡುಕಿ ನೋಡಿದರು. ಮನೆಮನೆಗೆ ಹೋದ ಮಗುವಿಗೆ ಅಪರಿಚಿತರು ವಿಷದ ತಿಂಡಿ ಕೊಟ್ಟು ಕೊಂದ ಒಂದೇ ಒಂದು ಪ್ರಕರಣವೂ ಅವರಿಗೆ ಸಿಗಲಿಲ್ಲ. 1974ರಲ್ಲಿ ಟೆಕ್ಸಸ್‌ನಲ್ಲಿ ವಿಷದ ಮಿಠಾಯಿಯಿಂದ ಒಬ್ಬ ಹುಡುಗ ಸತ್ತದ್ದು ನಿಜ. ಆದರೆ ಅದನ್ನು ಕೊಟ್ಟವನು ಸ್ವಂತ ಅಪ್ಪನೇ.

ತಿಂಡಿಯಲ್ಲಿ ನಿಜವಾಗಿ ನೋಡಬೇಕಾದದ್ದು ಬೇರೆ. ಐದು ವರ್ಷದೊಳಗಿನ ಮಗುವಿಗೆ ಗಟ್ಟಿ ಪೆಪ್ಪರ್‌ಮಿಂಟ್, ಇಡೀ ಕಡಲೆಬೀಜ, ಇಡೀ ದ್ರಾಕ್ಷಿ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ, ಅದೂ ಓಡುತ್ತ ತಿನ್ನುವಾಗ. ಸಿಕ್ಕಿ ಉಸಿರು ಕಟ್ಟಿದರೆ ಒಂದು ವರ್ಷ ದಾಟಿದ ಮಗುವನ್ನು ಮುಂದಕ್ಕೆ ಬಾಗಿಸಿ, ಬೆನ್ನ ಮೇಲೆ ಎರಡು ರೆಕ್ಕೆಮೂಳೆಗಳ ನಡುವೆ ಅಂಗೈಯಿಂದ ಐದು ಸಲ ಜೋರಾಗಿ ಹೊಡೆಯಬೇಕು. ಹೊರಬರದಿದ್ದರೆ ಹಿಂದಿನಿಂದ ತಬ್ಬಿ ಹೊಕ್ಕಳಿನ ಮೇಲ್ಭಾಗವನ್ನು ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಬೇಕು. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಬೇಡಿ. ಜೊತೆಗೇ ಯಾರಾದರೂ 108ಕ್ಕೆ ಫೋನ್ ಮಾಡಲಿ. ಕಡಲೆಬೀಜ, ಹಾಲು ಒಗ್ಗದ ಮಕ್ಕಳಿದ್ದಾರೆ. ಅವರಿಗಾಗಿ ಅಮೆರಿಕದಲ್ಲಿ ಕೆಲವು ಮನೆಗಳ ಮುಂದೆ ನೀಲಿ-ಹಸಿರು ಬಣ್ಣದ ಕುಂಬಳಕಾಯಿ ಇಡುತ್ತಾರೆ, ಇಲ್ಲಿ ತಿನ್ನದ ಉಡುಗೊರೆಯೂ ಇದೆ ಎಂಬ ಗುರುತು ಅದು. ಪೆನ್ಸಿಲ್, ರಬ್ಬರ್, ಸ್ಟಿಕ್ಕರ್ ಇಟ್ಟುಕೊಂಡರೆ ನಾವೂ ಹಾಗೆ ಮಾಡಬಹುದು. ಕಡು ಗುಲಾಬಿ ಬಣ್ಣದ ಬೊಂಬಾಯಿ ಮಿಠಾಯಿ ತರಿಸಬೇಡಿ. ಅದಕ್ಕೆ ಹಾಕುತ್ತಿದ್ದ ರೋಡಮಿನ್-ಬಿ ಬಣ್ಣವನ್ನು ರಾಜ್ಯ ಸರ್ಕಾರ 2024ರ ಮಾರ್ಚಿನಲ್ಲಿ ನಿಷೇಧಿಸಿದೆ.

ಹೊಗೆಯಾಡುವ ಪಾನಕ, ಹೊಗೆ ಬಿಸ್ಕತ್ತು ಇನ್ನೂ ಕೆಟ್ಟದ್ದು. ಡ್ರೈ ಐಸ್ ಎಂಬುದು ಸೊನ್ನೆಗಿಂತ 78 ಡಿಗ್ರಿ ಕೆಳಗಿನ ಘನ ಇಂಗಾಲದ ಡೈಆಕ್ಸೈಡ್. ದ್ರವ ಸಾರಜನಕ ಅದಕ್ಕಿಂತಲೂ ತಣ್ಣಗೆ. 2024ರಲ್ಲಿ ಬೆಂಗಳೂರಿನ ಮದುವೆ ಆರತಕ್ಷತೆಯೊಂದರಲ್ಲಿ ಹೊಗೆ ಪಾನ್ ತಿಂದ 12 ವರ್ಷದ ಹುಡುಗಿಯ ಹೊಟ್ಟೆಯಲ್ಲಿ ತೂತಾಗಿ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಭೂತದ ವಾತಾವರಣಕ್ಕೆಂದು ಇವನ್ನು ತರುವ ಪಾರ್ಟಿ ಏರ್ಪಾಟಿನವರಿಗೆ ಮೊದಲೇ ಬೇಡ ಎಂದುಬಿಡಿ.

ಈಗ ಹೊಸ್ತಿಲಿನ ಮಾತು. ಹೆಸರು ಬರೆಸಿದ, ಬಾಗಿಲಿಗೆ ಕಾಗದದ ಕುಂಬಳಕಾಯಿ ಅಂಟಿಸಿದ ಮನೆಗೆ ಮಾತ್ರ ಹೋಗಬೇಕು. ಗುರುತಿಲ್ಲದ ಬಾಗಿಲ ಹಿಂದೆ ಕಾಯಿಲೆಯವರಿರಬಹುದು, ಸೂತಕವಿರಬಹುದು, ಈಗ ತಾನೇ ಮಲಗಿಸಿದ ಕೂಸು ಇರಬಹುದು. ಬಾಗಿಲು ತೆರೆದ ಮೇಲೂ ಮಕ್ಕಳು ಹೊಸ್ತಿಲ ಈಚೆಗೇ ನಿಲ್ಲಬೇಕು. 'ಬಾ ಪುಟ್ಟಿ, ಒಳಗೆ ನಾಯಿಮರಿ ಇದೆ ನೋಡು' ಎಂದು ಯಾರು ಕರೆದರೂ, ಗೊತ್ತಿರುವ ಅಂಕಲ್ಲೇ ಕರೆದರೂ, ಒಳಗಿಲ್ಲ. ಇದನ್ನು ಹೇಳಲು ತಂದೆತಾಯಂದಿರಿಗೆ ಮುಜುಗರ. ಆದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ವಿರುದ್ಧ 2012ರಲ್ಲಿ ಬಂದ ಪೋಕ್ಸೊ ಕಾಯ್ದೆಯಡಿ ದಾಖಲಾಗುವ ಬಹುಪಾಲು ಪ್ರಕರಣಗಳಲ್ಲಿ ಆರೋಪಿ ಮಗುವಿಗೆ ಗೊತ್ತಿರುವವನೇ. ಅದಕ್ಕೇ 'ಅಪರಿಚಿತರ ಹತ್ತಿರ ಹೋಗಬೇಡ' ಎಂದಷ್ಟೇ ಹೇಳಿದರೆ ಸಾಲದು. ಹೊಸ್ತಿಲು ದಾಟಬೇಡ ಎಂದರೆ ನಾಲ್ಕು ವರ್ಷದ ಮಗುವಿಗೂ ಅರ್ಥವಾಗುತ್ತದೆ, ಯಾರನ್ನೂ ಅನುಮಾನಿಸಿದಂತೆಯೂ ಆಗುವುದಿಲ್ಲ. ಎಲ್ಲಾದರೂ ಇರಿಸುಮುರಿಸು ಆದರೆ ಬಂದು ಹೇಳು, ಬೈಯುವುದಿಲ್ಲ ಎಂದೂ ಹೇಳಿ. ಹೇಳಿದ ಮೇಲೆ ಬೈಯಬೇಡಿ. ಮಕ್ಕಳ ಸಹಾಯವಾಣಿ 1098, ತುರ್ತು ಕರೆ 112.

ಐದಾರು ಮಕ್ಕಳಿಗೆ ಒಬ್ಬ ದೊಡ್ಡವರು ಇರಲಿ, ಅವರು ಫೋಟೊ ತೆಗೆಯುವ ಕೆಲಸವನ್ನು ಬೇರೆಯವರಿಗೆ ಬಿಡಲಿ. ಸೆಪ್ಟೆಂಬರ್ 8ಕ್ಕೆ ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದ ಹಬ್ಬಕ್ಕೆ ನಮ್ಮನ್ನು ಕರೆದೊಯ್ಯುವಾಗ ಪಕ್ಕದ ಮನೆಯ ಆಂಟಿ ಎಲ್ಲ ಮಕ್ಕಳ ಜೇಬಿಗೂ ವಿಳಾಸದ ಚೀಟಿ ಹಾಕುತ್ತಿದ್ದರು. ಈಗ ಅದರಲ್ಲಿ ಎರಡು ಫೋನ್ ನಂಬರ್ ಬರೆಯಿರಿ ಸಾಕು. ಹೆಸರನ್ನು ವೇಷದ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯಬೇಡಿ, ಹೆಸರು ಹಿಡಿದು ಕರೆದವರನ್ನು ಮಗು ನಂಬಿಬಿಡುತ್ತದೆ. ಹೆದರಿ ಅಳುವ ಮಗುವನ್ನು ಗುಂಪಿನ ಜೊತೆ ದಬ್ಬಬೇಡಿ. ಅದು ಮನೆಯ ಬಾಗಿಲಲ್ಲಿ ಕುಳಿತು ಬಂದವರಿಗೆ ಚಾಕಲೇಟ್ ಹಂಚಲಿ, ಹಬ್ಬ ಅದಕ್ಕೂ ಆಗುತ್ತದೆ.

ನನಗೆ ಬಹಳ ನೋವು ಕೊಡುವ ಒಂದು ನೋಟವಿದೆ. ಸೆಕ್ಯುರಿಟಿಯವರ, ಮನೆಗೆಲಸದವರ, ಇಸ್ತ್ರಿ ಅಂಗಡಿಯವರ ಮಕ್ಕಳು ಗೇಟಿನ ಹತ್ತಿರ ನಿಂತು ಈ ಮೆರವಣಿಗೆಯನ್ನು ನೋಡುತ್ತಿರುತ್ತಾರೆ. ಯಾರ ಲೆಕ್ಕಕ್ಕೂ ಸೇರದ ಮಗುವನ್ನು ಯಾರೂ ಕಾಯುತ್ತಿರುವುದಿಲ್ಲ. ಅವರ ಹೆಸರನ್ನೂ ಪಟ್ಟಿಯಲ್ಲಿ ಬರೆಯಿರಿ, ಅವರಿಗೂ ಒಂದು ಟೋಪಿ ಕೊಡಿ, ಗುಂಪಿನಲ್ಲಿ ಸೇರಿಸಿಕೊಳ್ಳಿ.

ಹಾವೇರಿಯ ತಾಯಿ ಆ ವರ್ಷ ಮಗಳನ್ನು ಕಳಿಸಿದರು. ಅವರೇ ಗುಂಪಿನ ಜೊತೆ ನಡೆದರು. ಹೊರಟಾಗ ಎಂಟು ಮಕ್ಕಳು, ಪ್ರತಿ ಟವರಿನ ಬಾಗಿಲಲ್ಲಿ ಎಣಿಸಿದರಂತೆ, ಕೊನೆಗೂ ಎಂಟು. ಮರುದಿನ ರಾಜ್ಯೋತ್ಸವ. ಮಗಳು ಕೆಂಪು ಹಳದಿ ಬಾವುಟ ಹಿಡಿದು ಶಾಲೆಗೆ ಬಂದಾಗ ಕೆನ್ನೆಯ ಮೇಲೆ ಕಪ್ಪು ಬಣ್ಣ ಇನ್ನೂ ಸ್ವಲ್ಪ ಉಳಿದಿತ್ತು. ನೀವೂ ಹೊರಡುವಾಗ ಒಮ್ಮೆ ಎಣಿಸಿ, ಮರಳಿದಾಗ ಇನ್ನೊಮ್ಮೆ ಎಣಿಸಿ.